ಹೊಸ ಗೀಸರ್, ಹಳೇ ವೈರ್: ಕುಂಜಿಬೆಟ್ಟಿನ ಎಲೆಕ್ಟ್ರಿಷಿಯನ್ ಮಾಡಿಕೊಟ್ಟ ಕೆಲಸ

ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆಯ 15 ಲೀಟರಿನ ಹಳೇ ಸ್ಟೋರೇಜ್ ಗೀಸರ್ ಈ ಮಳೆಗಾಲದಲ್ಲಿ ತಳ ತುಕ್ಕು ಹಿಡಿದು ಸೋರಲು ಶುರುವಾಯಿತು. 25 ಲೀಟರಿನ ಹೊಸದು ತಂದೆವು. ಕಂಪನಿ ಕಡೆಯ ಹುಡುಗ ಬಂದ, ಹಳೆಯದನ್ನು ಇಳಿಸಿದ, ಹೊಸದನ್ನು ಗೋಡೆಗೆ ಏರಿಸಿದ, ಅದೇ ಹಳೇ ಸಾಕೆಟಿಗೆ ಪ್ಲಗ್ ಹಾಕಿ ಅರ್ಧ ಗಂಟೆಯಲ್ಲಿ ಹೋದ. ವೈರ್ ಯಾವುದು, ಅರ್ಥಿಂಗ್ ಉಂಟಾ ಅಂತ ಒಂದು ಮಾತು ಕೇಳಲಿಲ್ಲ. ನಮಗೂ ಕೇಳಬೇಕು ಅಂತ ಹೊಳೆಯಲಿಲ್ಲ.

ನಾಲ್ಕನೇ ದಿನ ಸ್ನಾನಕ್ಕೆ ಹೋದ ಅಮ್ಮ ನಲ್ಲಿ ಮುಟ್ಟಿದವರೇ ಕೈ ಎಳೆದುಕೊಂಡರು. "ಜುಮ್ ಅಂತು ಮಾರಾಯ" ಅಂದರು. ಹೋಗಿ ನೋಡಿದರೆ ಪ್ಲಗ್ ಮುಟ್ಟಲಾಗದಷ್ಟು ಬಿಸಿ, ಸಾಕೆಟಿನ ಒಂದು ತೂತಿನ ಸುತ್ತ ಕಂದು ಬಣ್ಣದ ಸುಟ್ಟ ಗುರುತು. ಮೇನ್ ಆಫ್ ಮಾಡಿದೆ. ಎರಡು ದಿನ ಹಂಡೆಯ ಒಲೆಗೇ ಬೆಂಕಿ ಹಾಕಿದೆವು. ಈಗಲೂ ಆ ಬೆಳಿಗ್ಗೆ ನೆನೆದರೆ ಎದೆ ಧಸಕ್ ಅನ್ನುತ್ತದೆ.

ಆಮೇಲೆ ಬಂದವರು ನಮ್ಮ ರಸ್ತೆಯಲ್ಲೇ ಸಣ್ಣ ಅಂಗಡಿ ಇಟ್ಟುಕೊಂಡಿರುವ ಎಲೆಕ್ಟ್ರಿಷಿಯನ್. ಹೆಸರು, ನಂಬರ್ ಹಾಕುವುದಿಲ್ಲ. ಒಬ್ಬರೇ ದುಡಿಯುವವರು, ಫೋನ್ ಜಾಸ್ತಿಯಾದರೆ ಒಪ್ಪಿಕೊಂಡ ಕೆಲಸ ತಪ್ಪುತ್ತದೆ ಅಂತ ಅವರೇ ಬೇಡ ಅಂದರು.

ಗೀಸರನ್ನು ಅವರು ಮುಟ್ಟಲೇ ಇಲ್ಲ, ಮೊದಲು ಸ್ವಿಚ್ ಬೋರ್ಡ್ ಬಿಚ್ಚಿದರು. ಒಳಗೆ ಅರ್ಥಿನ ಹಸಿರು ವೈರನ್ನು ಗಿಡ್ಡ ಕತ್ತರಿಸಿ, ಮಡಚಿ, ಕಪ್ಪು ಟೇಪ್ ಸುತ್ತಿ ಮೂಲೆಗೆ ತುರುಕಿತ್ತು. ಅಂದರೆ ಇಷ್ಟು ವರ್ಷ ಗೀಸರಿಗೆ ಅರ್ಥಿಂಗೇ ಇರಲಿಲ್ಲ! ಲೈನ್ ಕೂಡ ಲೈಟಿನದ್ದೇ, 1/18 ಅನ್ನುವ ಸಣ್ಣ ವೈರ್. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಅದೇ ಲೈನಿನಲ್ಲಿ ಎರಡು ರೂಮಿನ ಫ್ಯಾನು, ಲೈಟು ಬೇರೆ.

"ದೊಡ್ಡ ಎಂಸಿಬಿ ಹಾಕಿದರೆ ಆಗುವುದಿಲ್ವಾ?" ಅಂತ ಕೇಳಿದೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್. "ಎಂಸಿಬಿ ಇರುವುದು ವೈರ್ ಉಳಿಸಲಿಕ್ಕೆ. ಸಣ್ಣ ವೈರಿಗೆ ದೊಡ್ಡ ಎಂಸಿಬಿ ಹಾಕಿದರೆ ಅದು ಬೀಳುವ ಮೊದಲೇ ವೈರ್ ಸುಡ್ತದೆ ಮಾರಾಯ್ರೆ" ಅಂದರು. ಅಮ್ಮನಿಗೆ ಶಾಕ್ ಹೊಡೆದದ್ದಕ್ಕೆ ಗೀಸರನ್ನು ಬೈಯಬೇಡಿ ಅಂತಲೂ ಹೇಳಿದರು. ಹೀಟರ್ ಅಂದ ಮೇಲೆ ಸ್ವಲ್ಪ ಲೀಕೇಜ್ ಇರುತ್ತದಂತೆ, ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಲ್ಲಿ ಹಿಡಿದವರ ಮೈಯಿಂದ ಹೋಗುತ್ತದೆ.

ಮನೆಯ ಅರ್ಥ್ ಪಿಟ್ಟನ್ನೂ, ಅಂದರೆ ಅರ್ಥ್ ವೈರ್ ನೆಲಕ್ಕೆ ಸೇರುವ ಗುಂಡಿಯನ್ನೂ, ಬಿಡಲಿಲ್ಲ. ಹೋಲ್ಡರಿಗೆ 100 ವಾಟಿನ ಬಲ್ಬ್ ಹಾಕಿ ಫೇಸ್, ನ್ಯೂಟ್ರಲ್ಲಿಗೆ ಕೊಟ್ಟರು, ಚೆನ್ನಾಗಿ ಉರಿಯಿತು. ಫೇಸ್, ಅರ್ಥಿಗೆ ಕೊಟ್ಟಾಗ ಕೆಂಪಗೆ ಮಿಣಿಮಿಣಿ ಅಂತು. ಅರ್ಥ್ ಉಂಟು, ಆದರೆ ಸಾಲದು. ಪಿಟ್ ಅಗೆದು ತುಕ್ಕು ಹಿಡಿದ ಪೈಪ್ ತೆಗೆದು ಹೊಸದು ಇಳಿಸಿದರು, ಇದ್ದಿಲು, ಉಪ್ಪು ತುಂಬಿದರು. ನಮ್ಮದು ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. "ಮಾರ್ಚ್ ಕಳೆದ ಮೇಲೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ ಅಮ್ಮ" ಅಂತ ಹೇಳಿ ಹೋದರು.

ಡಿಬಿಯಿಂದ, ಅಂದರೆ ಮನೆಯ ಎಲ್ಲ ಲೈನೂ ಹೊರಡುವ ಪೆಟ್ಟಿಗೆಯಿಂದ, ಗೀಸರಿಗೇ ಬೇರೆ ಲೈನ್ ಎಳೆದರು. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೇ ಒಂದು 16 ಆಂಪ್ ಎಂಸಿಬಿ, ಬಚ್ಚಲಿನ ಹೊರಗೆ 20 ಆಂಪಿನ ಡಿಪಿ ಸ್ವಿಚ್. ಡಿಪಿ ಅಂದರೆ ಆಫ್ ಮಾಡಿದಾಗ ಫೇಸ್, ನ್ಯೂಟ್ರಲ್ ಎರಡೂ ಕಟ್ ಆಗುತ್ತದೆ. ಡಿಬಿಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿದರು. ಹೋದ ಕರೆಂಟ್ ವಾಪಸ್ ಬಾರದೆ ಬೇರೆಲ್ಲೋ ಸೋರಿದರೆ ಕಟ್ ಮಾಡುವುದು ಇದೇ, ಆ ಕೆಲಸ ಎಂಸಿಬಿಯಿಂದ ಆಗುವುದಿಲ್ಲ. ನನ್ನನ್ನು ಕೇಳಿದರೆ ಗೀಸರಿಗಿಂತ ಮೊದಲು ಕೊಳ್ಳಬೇಕಾದದ್ದು ಆರ್‌ಸಿಸಿಬಿ.

ಸಾಮಾನು 5,400 ರೂಪಾಯಿ, ಅಂಗಡಿ ಬಿಲ್ ಸಮೇತ ಕೊಟ್ಟರು. ಕೂಲಿ 2,500, ಪಿಟ್ ಅಗೆದದ್ದೂ ಸೇರಿ. ಜಾಸ್ತಿ ಅಂತ ನನಗೆ ಅನ್ನಿಸಲಿಲ್ಲ. ಬೇಸರ ಅಂದರೆ ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಬಂದರು, ಮತ್ತೆ ಪ್ಯಾಸೇಜಿನ ಮೂಲೆಯಲ್ಲಿ ಕೇಸಿಂಗ್ ಪಟ್ಟಿ ಸ್ವಲ್ಪ ಸೊಟ್ಟ ಕೂತಿದೆ. ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಕೊರೆಯುವುದು ಬೇಡ ಅಂತ ಹೊರಗಿನಿಂದಲೇ ಎಳೆದದ್ದು, ಅದಕ್ಕೆ ನಾನೂ ಒಪ್ಪಿದ್ದೆ.

ಹೋದ ವಾರ ಜೋರು ಮಳೆಗೆ ರಾತ್ರಿ ಆರ್‌ಸಿಸಿಬಿ ಬಿತ್ತು. ಫೋನ್ ಮಾಡಿದರೆ ಒಂದೊಂದೇ ಸ್ವಿಚ್ ಆಫ್ ಮಾಡಿಸಿ ಫೋನಿನಲ್ಲೇ ಕಾರಣ ಹುಡುಕಿಕೊಟ್ಟರು, ಗೇಟಿನ ಲೈಟಿನೊಳಗೆ ನೀರು ಹೋಗಿತ್ತು. ಮರುದಿನ ಬಂದು ಅದನ್ನು ಸರಿ ಮಾಡಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಮಹಡಿಯ ಬಾತ್‌ರೂಮಿನ ಲೈನೂ ಅವರಿಗೇ ಹೇಳಿದ್ದೇನೆ. ದೀಪಾವಳಿಯ ಎಣ್ಣೆ ಸ್ನಾನಕ್ಕೆ ಅಕ್ಕನ ಮಕ್ಕಳು ಬರುತ್ತಾರೆ, ಅಷ್ಟರೊಳಗೆ ಮುಗಿಸಿಕೊಡುತ್ತೇನೆ ಅಂದಿದ್ದಾರೆ.