ಹೈದ್ ಪಿಯರ್ ರೈಲು: ಪುಟ್ಟದು, ಆದ್ರೆ ಭಾರಿ ಮಜಾ

ನಮ್ಮ ಬೆಳಗಾವಿಯ ಟಿಳಕವಾಡಿ ರೈಲ್ವೆ ಗೇಟ್ ಬಿದ್ದಾಗ ಕಾಯ್ತೀವಲ್ಲ, ಅಷ್ಟು ಹೊತ್ತಿನಲ್ಲಿ ಈ ರೈಲಿನ ಇಡೀ ಪ್ರಯಾಣ ಮುಗೀತಿತ್ತು. ಮಗಳ ಮನೆಗೆ ಇಂಗ್ಲೆಂಡಿಗೆ ಹೋದಾಗ ಹತ್ತಿದ್ದು. ಸೌತಾಂಪ್ಟನ್ ಎದುರಿನ ಹೈದ್ ಅನ್ನೋ ಊರಲ್ಲಿ ನೀರಿನೊಳಗೆ ಕಂಬಗಳ ಮೇಲೆ ಚಾಚಿದ ಪಿಯರ್ ಇದೆ, ಸುಮಾರು 640 ಮೀಟರ್ ಉದ್ದ, 1881ರದ್ದು. ಅದರ ಮೇಲೆ 1922ರಲ್ಲಿ ಕರೆಂಟ್ ರೈಲು ಶುರುವಾಯ್ತು.

ಇಂಜಿನ್ನುಗಳ ಕತೆ ಕೇಳಿ. 1917ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಇಂಗ್ಲೆಂಡಿನದೇ ಏವನ್‌ಮೌತ್‌ನ ಮಸ್ಟರ್ಡ್ ಗ್ಯಾಸ್ (ಯುದ್ಧದಲ್ಲಿ ಬಳಸುವ ವಿಷದ ಗ್ಯಾಸ್) ಕಾರ್ಖಾನೆಗೆ ಅಂತ ಮಾಡಿದ್ದು. ಆಗ ಬ್ಯಾಟರಿ ಮೇಲೆ ಓಡ್ತಿದ್ದವು. ಇಲ್ಲಿಗೆ ತಂದ ಮೇಲೆ ಬ್ಯಾಟರಿ ತೆಗೆದು ಕರೆಂಟ್ ಹರಿಯುವ ಇನ್ನೊಂದು, ಮೂರನೇ ಹಳಿಯಿಂದ ಕರೆಂಟ್ ಎಳೆಯುವ ಹಾಗೆ ಮಾಡಿದರು. ವಿಷದ ಗ್ಯಾಸಿನ ಕಾರ್ಖಾನೆಯಲ್ಲಿ ದುಡಿದದ್ದು ಆಮೇಲೆ ಐಸ್‌ಕ್ರೀಂ ಹಿಡಿದ ಮಕ್ಕಳನ್ನು ಹೊತ್ತು ಓಡಿತು, ವಿಚಿತ್ರ ಅಲ್ವಾ?

ಹಳಿಗಳ ನಡುವೆ ಬರೀ 2 ಅಡಿ. ಕುಲುಕು ಇತ್ತು, ಅದೇ ಮಜಾ. ಬೆಳಗಾವಿಗೆ ಬಂದು ವಿಡಿಯೋ ತೋರಿಸಿದರೆ ಪಕ್ಕದ ಮನೆ ಕಾಕೂ ಕೇಳಿದ್ದು ಒಂದೇ: "ಇಷ್ಟಽ ಏನು ರೈಲು?" ಹೌದ್ರೀ, ಇಷ್ಟೇ. ನಾನಂತೂ ಎರಡು ಸಲ ಹತ್ತಿದೆ.