ಒಂದೇ ಮಿಕ್ಸರ್, ಒಂದು ಕಡೆ ರಬ್ಬರ್ ವಾಷರ್, ಇನ್ನೊಂದು ಕಡೆ ಸೆರಾಮಿಕ್ ಸ್ಪಿಂಡಲ್

ನಮ್ಮದು ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿರುವ ಹಳೇ ಮನೆ. ಕೆಳಗಿನ ಬಾತ್‌ರೂಮಿನಲ್ಲಿ ಗೋಡೆಗೆ ಕೂರಿಸಿದ ವಾಲ್ ಮಿಕ್ಸರ್ ಇದೆ. ಎಡಕ್ಕೆ ಬಿಸಿನೀರಿನ ನಾಬ್, ಬಲಕ್ಕೆ ತಣ್ಣೀರಿನದು, ಮಧ್ಯದಿಂದ ಮೇಲಕ್ಕೆ ಶವರ್ ಪೈಪು. 2024ರ ಮಾರ್ಚಿನಲ್ಲಿ ಊರಿಗೂರೇ ಟ್ಯಾಂಕರ್‌ಗೆ ಕಾಯುತ್ತಿದ್ದಾಗ, ನಮ್ಮ ಶವರ್ ಮಾತ್ರ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿತ್ತು. "ಆ ಸದ್ದಿಗೆ ನಿದ್ದೆ ಬರಲ್ಲ ಕಣೋ, ಏನಾದ್ರೂ ಮಾಡು" ಅಂತ ಅಮ್ಮ ಮೂರು ದಿನ ಹೇಳಿದ ಮೇಲೆ ಬಕೆಟ್ ಇಟ್ಟು ನೋಡಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸುಮಾರು 3 ಲೀಟರ್. ಅಂದರೆ ದಿನಕ್ಕೆ 9 ಲೀಟರ್. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ, 100 ಕಿ.ಮೀ. ದೂರದಿಂದ ಮೇಲೆತ್ತಿ ತರುವ ಕಾವೇರಿ ನೀರು ಹೀಗೆ ಮೋರಿಗೆ ಹೋಗುತ್ತಿತ್ತು.

ಶವರ್ ನಿಲ್ಲಿಸಿದ ಮೇಲೆ ಐದಾರು ನಿಮಿಷ ತೊಟ್ಟಿಕ್ಕಿದರೆ ಅದು ಲೀಕ್ ಅಲ್ಲ, ಜಾಲರಿಯೊಳಗೆ ನಿಂತ ನೀರು ಇಳಿಯುವುದು ಅಷ್ಟೇ. ಗಂಟೆಗಟ್ಟಲೆ ನಿಲ್ಲದಿದ್ದರೆ ಮಾತ್ರ ಕೈ ಹಾಕಬೇಕು. ಯಾವ ಕಡೆಯಿಂದ ಸೋರುತ್ತಿದೆ ಅಂತ ತಿಳಿಯಲು ಟೆರೇಸಿಗೆ ಹೋಗಿ ಸೋಲಾರ್‌ನಿಂದ ಬಿಸಿನೀರು ಇಳಿಯುವ ವಾಲ್ವ್ ಮುಚ್ಚಿದೆ. ಹನಿ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಎರಡೂ ಕಡೆ ಕೆಟ್ಟಿತ್ತು. ಹಾಗಾದರೆ ಒಂದೊಂದು ಕಡೆಗೆ ಒಂದೊಂದು ಔಷಧ ಕೊಟ್ಟು ನೋಡೋಣ ಅನ್ನಿಸಿತು. ನೀರು ಅದೇ, ಬಳಸುವವರೂ ಅವರೇ.

ಮೊದಲು ಪ್ಲಂಬರ್‌ನನ್ನು ಕರೆದಿದ್ದೆ, ಸುಳ್ಳು ಹೇಳಬಾರದು. ಆತ ಒಮ್ಮೆ ನೋಡಿ "ಪೂರ್ತಿ ಮಿಕ್ಸರ್ ಚೇಂಜ್ ಮಾಡಿಬಿಡಿ ಸಾರ್" ಅಂದ. ಖರ್ಚಿಗಿಂತ ಹೆಚ್ಚಾಗಿ ಹೆದರಿಸಿದ್ದು ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ತುಕ್ಕು ಹಿಡಿದ ಪೈಪಿನಿಂದ ಮಿಕ್ಸರಿನ ಕಾಲುಗಳನ್ನು ತಿರುಗಿಸಿ ಬಿಚ್ಚುವಾಗ ಒಳಗಡೆ ಮುರಿದರೆ ಟೈಲ್ಸ್ ಒಡೆಯದೆ ಗತಿಯಿಲ್ಲ. ಆ ದಾರಿ ಅಲ್ಲಿಗೇ ಬಿಟ್ಟೆ. ಎಂ-ಸೀಲ್ ಮೆತ್ತಿ, ಟೆಫ್ಲಾನ್ ಟೇಪ್ ಸುತ್ತು ಅಂದವರೂ ಇದ್ದರು. ಪೈಪಿನ ತಿರುಪು (ಥ್ರೆಡ್) ಸೇರುವ ಸಂದಿನಲ್ಲಿ ಸೋರಿದರೆ ಟೇಪು ಸರಿ. ಒಳಗೆ ನೀರು ತಡೆಯಬೇಕಾದ ಭಾಗವೇ ಸವೆದಾಗ ಹೊರಗೆ ಎಷ್ಟು ಸುತ್ತಿದರೂ ಶವರ್ ತೊಟ್ಟಿಕ್ಕುತ್ತಲೇ ಇರುತ್ತದೆ.

ಬಿಸಿನೀರಿನ ಕಡೆಗೆ ವಾಷರ್ ಬದಲಿಸಿದೆ. ಗೇಟ್ ವಾಲ್ವ್ ಮುಚ್ಚಿ, ಮೋರಿಯ ಜಾಲರಿ ಮೇಲೆ ಹಳೇ ಬಟ್ಟೆ ಹಾಸಿ (ಮೊದಲ ದಿನ ಹಾಸದೆ ಒಂದು ಸ್ಕ್ರೂ ಕಳೆದುಕೊಂಡೆ), ನಾಬ್ ಕಿತ್ತು, ಸ್ಕ್ರೂ ಸ್ಪ್ಯಾನರ್‌ನ ಬಾಯಿಗೆ ಬಟ್ಟೆ ಸುತ್ತಿ ಸ್ಪಿಂಡಲ್ (ನಾಬಿನ ಜೊತೆ ತಿರುಗಿ ನೀರು ಬಿಡುವ, ತಡೆಯುವ ಭಾಗ) ಬಿಚ್ಚಿದೆ. ತುದಿಯ ರಬ್ಬರು ಕಲ್ಲಿನಂತಾಗಿತ್ತು, ನಡುವೆ ಉಂಗುರದಂತೆ ಅಚ್ಚು ಬಿದ್ದಿತ್ತು. ಹೊಸ ವಾಷರ್ 10 ರೂಪಾಯಿ, ಕೆಲಸ ಅರ್ಧ ಗಂಟೆ. ಹನಿ ಪೂರ್ತಿ ನಿಂತಿತು. ಆಗಸ್ಟ್‌ನಲ್ಲಿ ಮತ್ತೆ ಶುರು. ನಮ್ಮ ಸೋಲಾರ್ ನೀರು ಬೇಸಿಗೆಯಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ. ಅದರಲ್ಲಿ ಬೆಂದೂ ಬೆಂದೂ ರಬ್ಬರು ಗಟ್ಟಿಯಾಗುತ್ತದೆ. ಹನಿ ನಿಲ್ಲಲಿಲ್ಲವೆಂದು ನಾವು ಬಿಗಿಯಾಗಿ ತಿರುಗಿಸುತ್ತೇವೆ, ಅದು ಇನ್ನೂ ಬೇಗ ಸವೆಯುತ್ತದೆ. ಟಾರ್ಚ್ ಹಾಕಿ ಒಳಗೆ ನೋಡಿದರೆ ವಾಷರ್ ಕೂರುವ ಹಿತ್ತಾಳೆಯ ಸೀಟಿನಲ್ಲೂ ಗುಳಿ ಬಿದ್ದಿತ್ತು. ಸೀಟು ಹಾಗಿದ್ದರೆ ಎಂಥ ವಾಷರ್ ಹಾಕಿದರೂ ನಾಲ್ಕು ದಿನದ ಮಾತು.

ತಣ್ಣೀರಿನ ಕಡೆಗೆ ಸೆರಾಮಿಕ್ ಸ್ಪಿಂಡಲ್. ಇದರಲ್ಲಿ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರಿ ತೂತು ಮುಚ್ಚುತ್ತವೆ, ಕಾಲು ಸುತ್ತು ತಿರುಗಿಸಿದರೆ ಸಾಕು. ಕೆಳಗಿನ ದಪ್ಪ ರಬ್ಬರ್ ರಿಂಗು ಸೀಟಿಗೆ ಒತ್ತಿಕೊಂಡು ಅಲುಗದೆ ಕೂರುವುದರಿಂದ ಸಣ್ಣಪುಟ್ಟ ಗುಳಿಯನ್ನೂ ತಾಳಿಕೊಳ್ಳುತ್ತದೆ. 280 ರೂಪಾಯಿ ಕೊಟ್ಟೆ, ಆದರೆ ಅಂಗಡಿಗೆ ಮೂರು ಸಲ ಅಲೆದೆ. ಮೊದಲ ಸಲ ಫೋಟೋ ತೋರಿಸಿ ತಂದದ್ದು ಉದ್ದ ಜಾಸ್ತಿ. ಎರಡನೆಯದು ಮೈಗೆ ಸರಿಹೋಯಿತು, ಆದರೆ ತಲೆಯ ಹಲ್ಲುಗಳ ಲೆಕ್ಕ ಬೇರೆ, ನಾಬ್ ಕೂರಲಿಲ್ಲ. ಮೂರನೇ ಸಲ "ಹಳೇದು ಎಲ್ಲಿ ಸಾರ್, ಮೊದಲೇ ತರೋದಲ್ವಾ" ಅಂತ ಅಂಗಡಿಯವರೇ ಬೈದರು. ಹಳೇ ಸ್ಪಿಂಡಲನ್ನೂ ನಾಬನ್ನೂ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ.

ಇದು 14 ತಿಂಗಳು ಸುಮ್ಮನಿತ್ತು. ಸಂಪು ತೊಳೆಸಿದ ವಾರ ಮತ್ತೆ ಹನಿ. ಬಿಚ್ಚಿ ನೋಡಿದರೆ ಬಿಲ್ಲೆಗಳ ನಡುವೆ ಮರಳಿನ ಕಣ, ಅಂಚಿನಲ್ಲಿ ಬೋರ್ ನೀರಿನ ಬಿಳಿ ಉಪ್ಪು. ನಾವು ಕಾವೇರಿ ಬಾರದ ದಿನ ಬೋರ್ ಹಾಕುತ್ತೇವೆ. ಒಂದು ಗಂಟೆ ವಿನೆಗರ್‌ನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಹಾಕಿದೆ. ವ್ಯಾಸಲೀನ್ ಬೇಡ, ಕೆಲವು ರಬ್ಬರ್ ರಿಂಗುಗಳು ಅದಕ್ಕೆ ಉಬ್ಬಿಕೊಳ್ಳುತ್ತವೆ. ಬಿಲ್ಲೆಗೆ ಗೀರು ಬಿದ್ದಿರಲಿಲ್ಲ, ಬಚಾವ್. ಬಿದ್ದಿದ್ದರೆ ಇನ್ನೊಂದು ಕೊಳ್ಳಬೇಕಿತ್ತು.

ವಾಷರ್‌ಗೆ ಬಿಸಿ ಶತ್ರು, ಸೆರಾಮಿಕ್‌ಗೆ ಮರಳು. ನನ್ನನ್ನು ಕೇಳಿದರೆ ಸೋಲಾರ್ ಇರುವ ಮನೆಯಲ್ಲಿ ಬಿಸಿ ಕಡೆಗೆ ಸೆರಾಮಿಕ್ಕೇ ಸರಿ. ನಾನು ಉಲ್ಟಾ ಮಾಡಿದೆ. ತಣ್ಣೀರಿಗೆ, ಸೀಟು ನುಣುಪಾಗಿದ್ದರೆ, 10 ರೂಪಾಯಿಯ ವಾಷರ್ ಸಾಕು. ಬಾಡಿಗೆ ಮನೆಯಾದರೆ ಎರಡೂ ಕಡೆ ವಾಷರೇ ಹಾಕಿ. ಆದರೆ ಅಮ್ಮನ ಬೆರಳುಗಳಿಗೆ ಸಂಧಿವಾತ. ಕಾಲು ಸುತ್ತಿಗೆ ನಿಲ್ಲುವ ನಾಬ್ ಅಭ್ಯಾಸವಾದ ಮೇಲೆ ಹಳೇದನ್ನು ಮುಟ್ಟಲೇ ಒಪ್ಪಲಿಲ್ಲ.

ಹಾಗಾಗಿ ಬಿಸಿ ಕಡೆಗೂ ಸೆರಾಮಿಕ್ ಹಾಕಿದ್ದಾಯಿತು. ಎಡಕ್ಕೆ ಬೇರೆ, ಬಲಕ್ಕೆ ಬೇರೆ ಸ್ಪಿಂಡಲ್ ಬರುತ್ತದೆ ಅಂತ ಗೊತ್ತಾಗಿದ್ದು ಕೂರಿಸಿ ಬಿಗಿ ಮಾಡಿದ ಮೇಲೆ. ನಮ್ಮ ಬಿಸಿನೀರು ಈಗ ಬಲಕ್ಕೆ ತಿರುಗಿಸಿದರೆ ಬರುತ್ತದೆ, ಎಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಹನಿ ಇಲ್ಲವಲ್ಲ ಅಂತ ಹಾಗೇ ಬಿಟ್ಟಿದ್ದೇನೆ. ನೆಂಟರು ಬಂದರೆ ಅಮ್ಮ ಟವೆಲ್ ಕೊಡುವಾಗ ಅದನ್ನೂ ಹೇಳಿ ಕಳಿಸುತ್ತಾರೆ.