ಹಂಚಿನ ಮಾಡಿನ ರಿಪೇರಿಗೆ ಕಿನ್ನಿಗೋಳಿ ಕಡೆಯ ಪೊರ್ಬುಗಳ ಶೆಡ್

ಮಂಗಳೂರಿನ ಹತ್ತಿರದ ಕಿನ್ನಿಗೋಳಿ ಕಡೆ ಹಂಚಿನ ಮನೆ ಇರುವವರಿಗೆ ಈ ಶೆಡ್ ಗೊತ್ತಿರಬಹುದು. ಬೋರ್ಡ್ ಇಲ್ಲ. ಎದುರಿಗೆ ಒಂದು ಹಲಸಿನ ಮರ, ಪಕ್ಕದಲ್ಲಿ ಹಳೆ ಹಂಚಿನ ರಾಶಿ, ಒಳಗೆ ಗರಗಸ, ಉಳಿಗಳ ಜೊತೆ ಗೋಡೆಗೆ ಒರಗಿಸಿಟ್ಟ ನಾಲ್ಕೈದು ಗಾಳದ ಕೋಲು. ಮೇಸ್ತ್ರಿಯನ್ನು ನಾವೆಲ್ಲ ಪೊರ್ಬುಗಳೇ ಅಂತಲೇ ಕರೆಯುತ್ತಿದ್ದೆವು, ನಮ್ಮ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಕಳೆದ ಮಳೆಗಾಲದಲ್ಲಿ ಅವರು ತೀರಿಹೋದರು. ಶೆಡ್ ಮುಚ್ಚಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮುಚ್ಚಿಲ್ಲ. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ, ಆದರೆ ಅವರ ಬಗ್ಗೆ ಹೇಳದೆ ಶೆಡ್ ಬಗ್ಗೆ ಹೇಳಲಿಕ್ಕೆ ನನಗೆ ಬರುವುದಿಲ್ಲ.

2014ರಲ್ಲಿ ನಮ್ಮ ಮನೆಯ ಮಾಡು ಸೋರಲು ಶುರುವಾಯಿತು. ಮೊದಲು ನೋಡಲು ಬಂದ ಕಂಟ್ರಾಕ್ಟರ್ ಕೆಳಗೆ ಅಂಗಳದಲ್ಲಿ ನಿಂತೇ, ಮರ ಪೂರ್ತಿ ಗೆದ್ದಲು ಹಿಡಿದಿದೆ, ಎಲ್ಲ ಕಿತ್ತು ಶೀಟ್ ಹಾಕಿಸಿ ಅಂದ. ಅಮ್ಮ ಎರಡು ದಿನ ಸರಿ ಊಟ ಮಾಡಲಿಲ್ಲ. ಆಮೇಲೆ ಪೊರ್ಬುಗಳು ಬಂದರು. ಏಣಿ ಇಟ್ಟು, ಶಿಲುಬೆ ಗುರುತು ಹಾಕಿಕೊಂಡು ಮೇಲೆ ಹತ್ತಿದರು. ಉಳಿಯ ಹಿಡಿಯಿಂದ ಒಂದೊಂದೇ ಪಕ್ಕಾಸು, ಅಂದರೆ ಮಾಡಿನ ಇಳಿಜಾರಿನ ತೊಲೆ, ತಟ್ಟಿ, ಕಿವಿ ಕೊಟ್ಟು ಕೇಳುತ್ತಾ ಹೋದರು. ಟೊಳ್ಳಾದ ಮರದ ಸದ್ದೇ ಬೇರೆ. ಒಂದೂವರೆ ಗಂಟೆ ಇದೇ ಕೆಲಸ. ಇಳಿದು ಬಂದು ಹೇಳಿದರು: "ಅಕ್ಕ, ಐದೇ ಹೋಗಿರುವುದು. ಉಳಿದದ್ದು ನನಗಿಂತ ಗಟ್ಟಿ ಉಂಟು."

ಐದೇ ಬದಲಾಯಿಸಿದರು. ಬೋಗಿ ಅನ್ನುವ ಗಟ್ಟಿ ಜಾತಿಯ ಮರ ಹಾಕಿದರು. ಕೆಲಸ ಜಾಸ್ತಿ ಮಾಡಿಕೊಳ್ಳುವ ಅವಕಾಶ ಕಣ್ಣೆದುರೇ ಇತ್ತು, ನಮಗಂತೂ ಏನೂ ಗೊತ್ತಾಗುತ್ತಿರಲಿಲ್ಲ.

ಸೋರುವುದಕ್ಕೆ ನಿಜವಾದ ಕಾರಣ ಗೆದ್ದಲೂ ಅಲ್ಲ, ರೀಪು, ಅಂದರೆ ಪಕ್ಕಾಸಿನ ಮೇಲೆ ಅಡ್ಡಕ್ಕೆ ಹೊಡೆಯುವ ಮರದ ಪಟ್ಟಿ. ಹಂಚಿನ ಹಿಂದೆ ಒಂದು ಸಣ್ಣ ಕೊಕ್ಕೆ ಇರುತ್ತದೆ, ಅದು ರೀಪಿನ ಮೇಲೆ ಸರಿಯಾಗಿ ಕೂರಬೇಕು. ಎರಡು ರೀಪಿನ ನಡುವೆ ಒಂದಡಿಗಿಂತ ಚೂರು ಜಾಸ್ತಿ ಅಂತರ, ಅಷ್ಟೇ. ಹಿಂದೆ ಯಾರೋ ರಿಪೇರಿ ಮಾಡುವಾಗ ರೀಪು ಉಳಿಸಲು ದೂರ ದೂರ ಹೊಡೆದಿದ್ದರು. ಹಾಗಾಗಿ ಮೇಲಿನ ಹಂಚು ಕೆಳಗಿನದರ ಮೇಲೆ ಸಾಕಷ್ಟು ಕೂರುತ್ತಿರಲಿಲ್ಲ, ಗಾಳಿ ಮಳೆ ಬಂದಾಗ ನೀರು ಸಂದಿಯಲ್ಲಿ ಹಿಂದಕ್ಕೆ ಹೊಡೆದು ಒಳಗೆ ಬರುತ್ತಿತ್ತು. ಪೊರ್ಬುಗಳು ಅಳತೆಗೆ ಒಂದು ಕೋಲು ಕತ್ತರಿಸಿಕೊಂಡು ಇಡೀ ಮಾಡಿಗೆ ಅದೇ ಕೋಲು ಹಿಡಿದು ರೀಪು ಹೊಡೆದರು. ಆಮೇಲೆ ಈವರೆಗೆ ಒಂದು ಹನಿ ಬಿದ್ದಿಲ್ಲ.

ಹಂಚು ಇಳಿಸುವಾಗ ಕೆಲವದರ ಹಿಂದೆ ಬಾಸೆಲ್ ಮಿಷನ್ 1865 ಅಂತ ಅಚ್ಚು ಇತ್ತು. ಮಂಗಳೂರಿನ ಜೆಪ್ಪಿನಲ್ಲಿ, ನೇತ್ರಾವತಿ ದಡದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಅಂಥ ಹಂಚನ್ನು ಪೊರ್ಬುಗಳು ಕೆಳಗೆ ಎಸೆಯಲು ಬಿಡುತ್ತಿರಲಿಲ್ಲ. ಒಂದೊಂದು ಎರಡು, ಎರಡೂವರೆ ಕಿಲೋ ತೂಗುತ್ತದೆ. ಆದರೂ ಕೈಯಿಂದ ಕೈಗೆ ದಾಟಿಸಿಯೇ ಇಳಿಸಬೇಕು. ಪಾಚಿ ಉಜ್ಜಿ ತೊಳೆದು ಅವನ್ನೇ ವಾಪಸ್ ಹಾಕಿದರು. ಅಡಿಗೆಮನೆ ಕತ್ತಲೆ ಅಂತ ಅಮ್ಮ ಯಾವಾಗಲೋ ಹೇಳಿದ್ದು ಕೇಳಿಸಿಕೊಂಡಿದ್ದರೇನೋ, ಕಡೆಯ ದಿನ ಎರಡು ಗಾಜಿನ ಹಂಚು ತಂದು ಕಡೆಯುವ ಕಲ್ಲಿನ ನೇರಕ್ಕೆ ಕೂರಿಸಿದರು. ಲೆಕ್ಕದಲ್ಲಿ ಅದು ಇರಲಿಲ್ಲ. ಲೆಕ್ಕ ಬರೆದದ್ದು ಒಂದು ರೀಪಿನ ತುಂಡಿನ ಮೇಲೆ, ಪೆನ್ಸಿಲ್ಲಿನಲ್ಲಿ. ಆ ತುಂಡು ಇನ್ನೂ ನಮ್ಮಲ್ಲಿದೆ.

ಧರ್ಮದ ಮಾತು ಅವರು ನಮ್ಮ ಹತ್ತಿರ ಆಡಿದ್ದೇ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಇಗರ್ಜಿಯ (ಚರ್ಚಿನ) ಗಂಟೆ ಕೇಳಿಸಿದರೆ ಮಾತ್ರ, ಮಾಡಿನ ಮೇಲಿದ್ದರೂ ಸರಿ, ತಲೆಗೆ ಸುತ್ತಿದ ಬೈರಾಸು (ಟವೆಲ್) ತೆಗೆದು ಒಂದು ನಿಮಿಷ ಸುಮ್ನೆ ನಿಲ್ಲುತ್ತಿದ್ದರು. ಆಮೇಲೆ ಸುತ್ತಿಗೆ ಸದ್ದು ಮತ್ತೆ ಶುರು. ಮೇ 1ಕ್ಕೆ ಕೆಲಸ ಇಲ್ಲ. ಮೇ ಕೊನೆಯ ವಾರ ಬರುವ ಪತ್ತನಾಜೆಯ ಮೊದಲು ಹಂಚು ಮುಗಿಸಬೇಕು ಅಂತ ಊರಿಡೀ ಅವರ ಹಿಂದೆ ಬಿದ್ದಿರುವ ಸಮಯ ಅದು. ಕಾರ್ಮಿಕ ದಿನವಾ ಅಂತ ಕೇಳಿದೆ. "ಅದೂ ಹೌದು, ಸಂತ ಜೋಸೆಫರ ಹಬ್ಬವೂ ಹೌದು. ಅವರೂ ನಮ್ಮದೇ ಬಡಗಿ ಕೆಲಸದವರಲ್ವಾ," ಅಂದರು. ಅಷ್ಟೇ. 1955ರಲ್ಲಿ ಪೋಪರು ಆ ದಿನವನ್ನು ದುಡಿಯುವವರ ಜೋಸೆಫರಿಗೆ ಕೊಟ್ಟದ್ದು ಅಂತ ನನಗೆ ಆಮೇಲೆ ಓದಿ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿದರೆ ಅವರು ಹೊಳೆಯ ಕಡೆ. ಶಾಂಭವಿಯೂ ನಂದಿನಿಯೂ ಸೇರಿ ಸಮುದ್ರಕ್ಕೆ ಹೋಗುವ ಸಸಿಹಿತ್ಲು ಅಳಿವೆ ಅವರಿಗೆ ಮನೆಯಂಗಳದ ಹಾಗೆ. ನೀರಿನ ಏರಿಳಿತ ನೋಡಿ ಕೂರುತ್ತಿದ್ದರು. ಕೆಂಬೇರಿ ಮೀನು ಸಿಕ್ಕರೆ ಮುಖ ಅರಳುತ್ತಿತ್ತು. ಮೀನು ಮಾರಿದ್ದು ಒಮ್ಮೆಯೂ ಇಲ್ಲ, ಬರುವ ದಾರಿಯಲ್ಲಿ ಮನೆ ಮನೆಗೆ ಹಂಚುತ್ತಾ ಬಂದು, ಕಡೆಗೆ ತನಗೆ ಒಂದೆರಡು ಕಾಣೆ ಮೀನು ಉಳಿದರೆ ಉಳಿಯಿತು. ಮೊದಲ ಮಳೆ ಬಿದ್ದರೆ ಗುಡ್ಡೆಗೆ ಹೋಗಿ ಕಲ್ಲಣಬೆ ಆರಿಸಿ ತರುವುದು ಬೇರೆ. ಮೀನು ತಿನ್ನದ ಭಟ್ಟರ ಮನೆಗೆ ಕಾಟು (ಕಾಡು) ಮಾವಿನಹಣ್ಣು ಹೋಗುತ್ತಿತ್ತು.

ತೊಂದರೆಯೂ ಇತ್ತು, ಅದನ್ನೂ ಹೇಳಬೇಕು. ಗುರುವಾರ ಬರುತ್ತೇನೆ ಅಂದರೆ ಶನಿವಾರ ಬರುತ್ತಿದ್ದರು. ಏಪ್ರಿಲ್‌ನಲ್ಲಿ ಅವರನ್ನು ಹಿಡಿಯುವುದೇ ಕಷ್ಟ. ಹಂಚು ಇಳಿಸಿ ಎರಡು ದಿನ ಬಾರದೆ ಇದ್ದಾಗ ನಾನು ಜೋರಾಗಿಯೇ ಮಾತಾಡಿದ್ದೆ. ಅವರು ವಾದ ಮಾಡಲಿಲ್ಲ, ಕತ್ತಲಾಗುವವರೆಗೆ ನಿಂತು ಮುಗಿಸಿಕೊಟ್ಟರು.

ನಮ್ಮಲ್ಲಿ ಉಳಿದ ಅರವತ್ತು ಹಳೆ ಹಂಚು ಬೇಕು ಅಂತ ಕೇಳಿದ್ದರು. ಮಾರಲಿಕ್ಕೆ ಅಂದುಕೊಂಡು ಕೊಟ್ಟೆ. ಅವರನ್ನು ಮಣ್ಣು ಮಾಡಿದ ದಿನ, ಮಳೆಯಲ್ಲಿ ಕೊಡೆ ಹಿಡಿದು ಇಗರ್ಜಿಯ ಹೊರಗೆ ನಿಂತಿದ್ದಾಗ, ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಹೇಳಿದರು: ಆಟಿ ತಿಂಗಳ ಮಳೆಗಾಳಿಗೆ ತನ್ನ ಮನೆಯ ಅರ್ಧ ಹಂಚು ಹಾರಿಹೋಗಿತ್ತಂತೆ, ಪೊರ್ಬುಗಳು ಮಳೆಯಲ್ಲೇ ರಿಕ್ಷಾದಲ್ಲಿ ಹಂಚು ತಂದು ಹಾಕಿ, ಚಾ ಕೂಡ ಕುಡಿಯದೆ ಹೋದರಂತೆ. ಇನ್ನೂ ಎರಡು ಮನೆಯವರು ಅದೇ ಹೇಳಿದರು. ಶೆಡ್ಡಿನ ಪಕ್ಕದ ಆ ರಾಶಿ ಯಾಕೆ ಅಂತ ನನಗೆ ಗೊತ್ತಾದದ್ದು ಆವತ್ತು.

ಈಗ ಶೆಡ್ ನಡೆಸುತ್ತಿರುವುದು ಅವರ ಜೊತೆ ಹನ್ನೊಂದು ವರ್ಷ ದುಡಿದ ಹುಡುಗ. ಈ ಏಪ್ರಿಲ್‌ನಲ್ಲಿ ನಮ್ಮ ಕೊಟ್ಟಿಗೆಯ ಮಾಡು ಮಾಡಿಸಿದೆ. ಕೈ ಸ್ವಲ್ಪ ನಿಧಾನ. ಮರಕ್ಕೆ ಮುಂಗಡ ಕೇಳುತ್ತಾನೆ, ಅದು ನ್ಯಾಯವೇ. ಹೇಳಿದ ದಿನ ಬರುತ್ತಾನೆ. ಪಕ್ಕಾಸು ತಟ್ಟಿ ನೋಡದೆ ಯಾವುದನ್ನೂ ಕೀಳುವುದಿಲ್ಲ, ಅಳತೆಗೆ ಹಿಡಿಯುವುದು ಅದೇ ಹಳೆ ಕೋಲು. ಉಳಿದ ಹಂಚು ಕೊಡ್ತೀರಾ ಅಂತ ಕೇಳಿದ, ಕೊಟ್ಟೆ.

ಕೆಲಸ ಬೇಕಾದವರು ಶಿವರಾತ್ರಿ ಕಳೆದ ಕೂಡಲೇ ಹೋಗಿ ಹೇಳಿಡಿ. ಮೇ 1ಕ್ಕೆ ಮಾತ್ರ ಕರೆಯಬೇಡಿ. ಹುಡುಗ ಪೂಜೆಗೆ ಹೋಗುವುದು ದೇವಸ್ಥಾನಕ್ಕೆ, ಆದರೂ ಆ ದಿನ ಶೆಡ್ಡಿಗೆ ಬೀಗ.